ಡೆಕ್ಕಿನ ಮೇಲೆ ಅಂಕಲ್ ಹೇಳಿದ್ದು

ಇದರಲ್ಲಿ ಎಷ್ಟು ನಡೆದದ್ದು, ಎಷ್ಟು ನಾನು ಆಮೇಲೆ ಕಟ್ಟಿಕೊಂಡದ್ದು ಎಂದು ಖಚಿತವಾಗಿ ಹೇಳಲಾರೆ. ನಾನು ಓದಿದ್ದು ಸಂಖ್ಯಾಶಾಸ್ತ್ರ. ಒಬ್ಬನೇ ಸಾಕ್ಷಿಯ ಮಾತನ್ನು ನಂಬಬೇಡ ಎಂದು ಕಲಿಸುವ ವಿದ್ಯೆ ಅದು. ಇಲ್ಲಿ ಸಾಕ್ಷಿ ನಾನೊಬ್ಬನೇ.

ಹೋದ ತಿಂಗಳು ವಾಷಿಂಗ್ಟನ್ನಿನ ನದಿ ದಂಡೆಯ ಮೀನು ಮಾರುಕಟ್ಟೆಗೆ ಹೋಗಿದ್ದೆ. ನಾನು ಮೀನು ತಿನ್ನುವವನಲ್ಲ. ಅಟ್ಲಾಂಟಾದಿಂದ ಬಂದಿದ್ದ ಸಹೋದ್ಯೋಗಿಗೆ ಏಡಿ ಬೇಕಿತ್ತು. ಅವನು ಸಾಲಿನಲ್ಲಿ ನಿಂತಿದ್ದಾಗ ನಾನು ಕಬ್ಬಿಣದ ಕಂಬಿ ಹಿಡಿದು ನೀರು ನೋಡುತ್ತಿದ್ದೆ. ಪಕ್ಕದಲ್ಲೊಂದು ದೋಣಿಯ ಎಂಜಿನ್ ಚಾಲೂ ಆಯಿತು. ಡೀಸೆಲ್ ಹೊಗೆ, ಅದರ ಅಡಿಯಲ್ಲಿ ಒದ್ದೆ ಹಗ್ಗದ ವಾಸನೆ, ಮೀನಿನ ಪೆಟ್ಟಿಗೆಗಳಿಂದ ಇಳಿದ ಉಪ್ಪುನೀರು... ನಾರ್ವೆಯ ಆ ಹಡಗಿನ ಡೆಕ್ಕಿಗೆ ಯಾರೋ ಕೈಹಿಡಿದು ಎಳೆದುಕೊಂಡು ಹೋದ ಹಾಗಾಯಿತು. ಪಕ್ಕದಲ್ಲಿ ಮಂಕಿ ಕ್ಯಾಪ್ ಹಾಕಿಕೊಂಡ ಅಂಕಲ್ ನಿಂತಿದ್ದರು.

ವಾಷಿಂಗ್ಟನ್ ಹತ್ತಿರದ ಕೊಲಂಬಿಯಾ ಎಂಬ ಊರಿನ ನಮ್ಮ ಟೌನ್‌ಹೌಸ್ ಸಾಲಿನಲ್ಲಿ ಪಕ್ಕದ ಮನೆ ಅವರ ಮಗಳದು. ಅಂಕಲ್ ಕರಾವಳಿಯ ಗಂಗೊಳ್ಳಿಯವರು, ಬ್ಯಾಂಕಿನಲ್ಲಿ ಕ್ಯಾಶಿಯರ್ ಆಗಿ ನಿವೃತ್ತರಾದವರು. ಹೆಂಡತಿ ತೀರಿಕೊಂಡ ಮೇಲೆ ಮಗಳ ಮನೆಗೆ ಬಂದಿದ್ದರು. ಕೋವಿಡ್ ಕಾಲದಲ್ಲಿ ಎಲ್ಲರೂ ಮನೆಯೊಳಗೆ ಕೊಳೆಯುತ್ತಿದ್ದಾಗ ನಾವಿಬ್ಬರೂ ಹಿತ್ತಿಲ ಬೇಲಿಯ ಆಚೆ ಈಚೆ ಕುರ್ಚಿ ಹಾಕಿಕೊಂಡು ಮಾತಾಡುತ್ತಿದ್ದೆವು. ಊರಲ್ಲಿದ್ದಾಗ ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದವರು. ಇದ್ದಕ್ಕಿದ್ದಂತೆ ರಾಜನ ಗತ್ತಿನಲ್ಲಿ, ಗ್ರಂಥದ ಕನ್ನಡದಲ್ಲಿ ಬೇಲಿಯ ಮೇಲಿನ ಅಳಿಲನ್ನು ಗದರಿಸುತ್ತಿದ್ದರು. ಮರುಕ್ಷಣ ಅವರೂರಿನ ಮಾತು. ಪ್ರತಿ ಪದದ ಬಾಲವನ್ನು ನುಂಗಿಬಿಡುವ ಕನ್ನಡ ಅದು. ನನಗೆ ಅರ್ಧ ಅರ್ಥವಾಗುತ್ತಿತ್ತು, ಇನ್ನರ್ಧಕ್ಕೆ ತಲೆಯಾಡಿಸುತ್ತಿದ್ದೆ.

"ನೀವು ಮೈಸೂರಿನವ್ರು ಒಂದು ಮಾತು ಮುಗ್ಸೂ ಹೊತ್ತಿಗೆ ನಮ್ಮೂರಂಗೆ ಮೀನು ಹಾಳಾತ್ತ್ ಮಾರಾಯ್ರೆ" ಎನ್ನುತ್ತಿದ್ದರು.

ಲೋಕ ಮತ್ತೆ ತೆರೆದುಕೊಂಡ ಮೇಲೆ ಒಂದು ಬೇಸಿಗೆಯಲ್ಲಿ ಮಗಳು ನಾರ್ವೆಯ ಕರಾವಳಿಯ ನಾಲ್ಕು ದಿನಗಳ ಹಡಗು ಪ್ರಯಾಣಕ್ಕೆ ಟಿಕೆಟ್ ಮಾಡಿಸಿದಳು. ತನಗೂ ಗಂಡನಿಗೂ ಒಂದು ಕ್ಯಾಬಿನ್, ಅಪ್ಪನಿಗೆ ಇನ್ನೊಂದು. ಕೊನೆ ವಾರದಲ್ಲಿ ಗಂಡನ ರಜೆ ರದ್ದಾಯಿತು. ನೀವು ಬರ್ತೀರಾ, ಅಪ್ಪನ ಕ್ಯಾಬಿನ್ನಲ್ಲಿ ಜೊತೆಗಿರ್ತೀರಾ ಎಂದು ನನ್ನನ್ನು ಕೇಳಿದಳು. ಯಾಕೆ ಜೊತೆ ಬೇಕು ಎಂದೆ. ಆಗ ಹೇಳಿದಳು. ಅಂಕಲ್‌ಗೆ ಕ್ಯಾನ್ಸರ್. ಬಹಳ ಮುಂದೆ ಹೋಗಿತ್ತು.

"ಅಪ್ಪಂಗೆ ಗೊತ್ತಿಲ್ಲ. ಗ್ಯಾಸ್ಟ್ರಿಕ್ ಅಂತ ಹೇಳಿದೀನಿ. ನೀವೂ ಹೇಳ್ಬೇಡಿ."

ಈ ದೇಶದಲ್ಲಿ ಡಾಕ್ಟರುಗಳು ರೋಗಿಯ ಮುಖಕ್ಕೇ ಹೇಳಿಬಿಡುತ್ತಾರೆ. ಆದರೆ ಅಂಕಲ್ ಮೊದಲ ದಿನವೇ, ಏನಿದ್ದರೂ ಮಗಳ ಹತ್ತಿರ ಹೇಳಿ, ನನಗೆ ನಿಮ್ಮ ಇಂಗ್ಲಿಷ್ ಹಿಡಿಯುವುದಿಲ್ಲ ಎಂದಿದ್ದರಂತೆ. ಬ್ಯಾಂಕಿನಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ದುಡಿದ ಮನುಷ್ಯನಿಗೆ ಇಂಗ್ಲಿಷ್ ಹಿಡಿಯುವುದಿಲ್ಲವೇ? ಆಗ ನಾನು ಆ ಪ್ರಶ್ನೆ ಕೇಳಿಕೊಳ್ಳಲಿಲ್ಲ. ಅಥವಾ ಕೇಳಿಕೊಂಡೆನೋ ಏನೋ...

ಬರ್ಗೆನ್ ಬಿಟ್ಟ ಹಡಗು ದ್ವೀಪಗಳ ಸಂದಿಯಲ್ಲಿ ನುಸುಳುತ್ತಾ ಉತ್ತರಕ್ಕೆ ಹೊರಟಿತು. ಹಡಗಿನ ಮಾರ್ಗದರ್ಶಿ ಮೈಕಿನಲ್ಲಿ ಗಳಿಗೆಗೊಮ್ಮೆ ಫ್ಯೋರ್ಡ್, ಫ್ಯೋರ್ಡ್ ಎನ್ನುತ್ತಿದ್ದಳು.

"ಅದಕ್ಕೆ ಕನ್ನಡದಲ್ಲಿ ಎಂತ ಹೇಳೂದು?" ಎಂದು ಅಂಕಲ್ ಕೇಳಿದರು.

"ಕೊಲ್ಲಿ ಅನ್ನಬಹುದು, ಅಂಕಲ್."

"ಯಾರನ್ನ?"

ಪಕ್ಕದ ಜರ್ಮನ್ ದಂಪತಿ ತಿರುಗಿ ನೋಡುವಷ್ಟು ನಕ್ಕೆವು. ಮಗಳೂ ನಕ್ಕಳು. ನಗುತ್ತಲೇ ಅಪ್ಪನ ತಟ್ಟೆಯಲ್ಲಿ ಎಷ್ಟು ಉಳಿದಿದೆ ಎಂದು ನೋಡಿದಳು.

ಎರಡನೆಯ ದಿನಕ್ಕೆ ನನಗೆ ಚೆಲುವು ಸಾಕಾಯಿತು. ಕಡಿದು ನಿಲ್ಲಿಸಿದ ಹಾಗಿರುವ ಬೆಟ್ಟ, ಅದರಿಂದ ಜಾರುವ ನೀರು, ಬುಡದಲ್ಲೊಂದು ಕೆಂಪು ಮನೆ. ಮತ್ತೆ ಬೆಟ್ಟ, ಮತ್ತೆ ನೀರು, ಮತ್ತೊಂದು ಕೆಂಪು ಮನೆ. ರಾತ್ರಿ ಹತ್ತಕ್ಕೂ ಬೆಳಕು ಹೋಗುತ್ತಿರಲಿಲ್ಲ, ನಿದ್ದೆ ಬರುತ್ತಿರಲಿಲ್ಲ. ಅಂಕಲ್‌ಗೂ ಬರುತ್ತಿರಲಿಲ್ಲ. ಅವರು ಗೋಡೆಯ ಕಡೆ ತಿರುಗಿ ಮಲಗಿ, ಹೊಟ್ಟೆಯ ಮೇಲೆ ಕೈ ಒತ್ತಿಹಿಡಿದಿರುತ್ತಿದ್ದರು. ಕೇಳಿದರೆ, "ಗ್ಯಾಸ್ಟ್ರಿಕ್ ಅಂಬ್ರಲೆ" ಎನ್ನುತ್ತಿದ್ದರು. ಗ್ಯಾಸ್ಟ್ರಿಕ್ ಅಂತಾರಲ್ಲ ಎಂದು ಅದರ ಅರ್ಥ. ಅದರಲ್ಲಿ ವ್ಯಂಗ್ಯವಿತ್ತೇ? ಆ ಧ್ವನಿ ಇವತ್ತಿಗೂ ಕಿವಿಯಲ್ಲಿದೆ. ಆದರೆ ಕಿವಿ ಒಂದೊಂದು ಸಲ ಒಂದೊಂದು ರೀತಿ ಕೇಳಿಸುತ್ತದೆ.

ಮೂರನೆಯ ದಿನ ಹಡಗು ದ್ವೀಪಗಳ ಆಸರೆ ಬಿಟ್ಟು ಬಯಲು ಸಮುದ್ರಕ್ಕೆ ಬಿತ್ತು. ಅಲೆಗಳಿಗೆ ನನ್ನ ತಲೆ ಗಿರ್ರೆಂದಿತು. ಎರಡು ಸಲ ವಾಂತಿಯಾಯಿತು. ಅಂಕಲ್ ನನ್ನ ಬೆನ್ನು ಸವರಿ ಡೆಕ್ಕಿಗೆ ಕರೆದುಕೊಂಡು ಹೋದರು. ಗಾಳಿಗೆ ಮುಖ ಒಡ್ಡಿ, ಕಣ್ಣು ಮುಚ್ಚಿ ಎಷ್ಟು ಹೊತ್ತು ನಿಂತಿದ್ದೆನೋ ತಿಳಿಯದು. ಕಣ್ಣು ತೆರೆದಾಗ ಎರಡೂ ಕಡೆ ಬೆಟ್ಟಗಳು, ಅವುಗಳ ನಡುವೆ ಬೂದು ಬಣ್ಣದ ನೀರು. ಹಡಗು ಬೆಟ್ಟಗಳನ್ನು ಹಿಂದಕ್ಕೆ ಬಿಟ್ಟು ಸಮುದ್ರಕ್ಕೆ ಹೋಗುತ್ತಿತ್ತು. ಹಾಗೆಂದು ನನ್ನ ನೆನಪು. ಅಂಕಲ್ ಎರಡೂ ಕೈಯಲ್ಲಿ ಕಂಬಿ ಹಿಡಿದು ಮುಂದೆ ನೋಡುತ್ತಾ ನಿಂತಿದ್ದರು. ಗಾಳಿಯಲ್ಲಿ ಮಾತು ಅರ್ಧ ಹಾರಿಹೋಯಿತು. ನನಗೆ ಕೇಳಿಸಿದ್ದು ಇಷ್ಟು: "ಅಳಿವು ಬಂತು."

ಕೂಗಿ ಹೇಳಲಿಲ್ಲ. ತಮಗೆ ತಾವೇ ಹೇಳಿಕೊಂಡರು. ತಾಳಮದ್ದಳೆಯ ಮನುಷ್ಯ, ಸಾವು ಎನ್ನುವ ಕಡೆ ಅಳಿವು ಎನ್ನಬಲ್ಲವರು. ನಾನು ಏನೂ ಕೇಳಲಿಲ್ಲ. ಅವರ ಕಣ್ಣಲ್ಲಿ ನೀರಿತ್ತು. ಆ ಗಾಳಿಗೆ ಯಾರ ಕಣ್ಣಲ್ಲೂ ಬರುತ್ತದೆ. ಸ್ವಲ್ಪ ಹೊತ್ತಿನ ಮೇಲೆ, "ಬನ್ನಿ, ಚಾ ಕುಡಿವ" ಎಂದರು.

ಅದೇ ವರ್ಷ ಚಳಿಗಾಲಕ್ಕೆ ಮುಂಚೆ ಅಂಕಲ್ ಹೋದರು. ಕೊನೆಯವರೆಗೂ ಗ್ಯಾಸ್ಟ್ರಿಕ್ ಎಂಬ ಪದವೇ ಆ ಮನೆಯಲ್ಲಿ ಓಡಾಡುತ್ತಿತ್ತು. ಕ್ರಿಯೆಗಳೆಲ್ಲ ಮುಗಿದ ಮೇಲೆ ಮಗಳು ನಮ್ಮ ಮನೆ ಮೆಟ್ಟಿಲ ಮೇಲೆ ಬಂದು ಕುಳಿತಳು. ಅವರದೇ ಸಾವನ್ನ ಅವರಿಂದ ಮುಚ್ಚಿಟ್ಟೆ, ಯಾರಿಗೂ ಏನೂ ಹೇಳಿಹೋಗೋಕೆ ಬಿಡಲಿಲ್ಲ ಎಂದು ಒಂದೇ ಸಮ ಹೇಳುತ್ತಿದ್ದಳು. ನನಗೆ ತಡೆಯಲಾಗಲಿಲ್ಲ.

"ಅವರಿಗೆ ಗೊತ್ತಿತ್ತು. ಹಡಗಿನಲ್ಲಿ ನನ್ನ ಮುಂದೆ ಒಂದು ಮಾತು ಅಂದರು" ಎಂದೆ. ಯಾವ ಮಾತೆಂದು ಹೇಳಲಿಲ್ಲ. ಸೂತಕ ಕಳೆದ ಮನೆಯವರ ಮುಂದೆ ಆಡುವ ಪದವಲ್ಲ ಅದು.

ಅವಳು ತಲೆಯೆತ್ತಿ, "ಹಾಗಾದ್ರೆ ಇಬ್ಬರೂ ನಾಟಕ ಆಡ್ತಿದ್ವಿ" ಎಂದಳು. ಮುಖ ಸ್ವಲ್ಪ ಸಡಿಲವಾಯಿತು. ಅಪ್ಪ ತನಗಾಗಿ ಏನೂ ಗೊತ್ತಿಲ್ಲದವರ ಪಾತ್ರ ಮಾಡಿದರು ಎಂಬ ನಂಬಿಕೆಯನ್ನು ಹಿಡಿದುಕೊಂಡು ಅವಳು ಇಷ್ಟು ದಿನ ಬದುಕಿದಳು.

ಮೀನು ಮಾರುಕಟ್ಟೆಗೆ ಹೋಗಿಬಂದ ಮುಂದಿನ ವಾರ ಅಂಕಲ್ ತಿಥಿ ಬಂತು. ಅವಳ ಕಾರು ಸರ್ವಿಸ್‌ಗೆ ಹೋಗಿತ್ತು. ಲ್ಯಾನ್‌ಹ್ಯಾಮಿನ ದೇವಸ್ಥಾನಕ್ಕೆ ನಾನೇ ಡ್ರೈವ್ ಮಾಡಿದೆ. ದೇವರಲ್ಲಿ ನಂಬಿಕೆಯಿಲ್ಲದ ನಾನು ಹೊರಗೆ ಚಪ್ಪಲಿಗಳ ನಡುವೆ ಕಾದೆ. ವಾಪಸ್ ಬರುವಾಗ ಅವಳು ಕೇಳಿದಳು.

"ಅಪ್ಪ ಏನಂದ್ರು ಆವತ್ತು? ಅವರದೇ ಮಾತಲ್ಲಿ ಹೇಳಿ. ಇಷ್ಟು ದಿನ ಕೇಳೋ ಧೈರ್ಯ ಇರ್ಲಿಲ್ಲ."

"ಅಳಿವು ಬಂತು ಅಂದರು."

"ಅಳಿವು?"

"ಹೌದು."

ಅವಳು ಕಿಟಕಿಯಾಚೆ ನೋಡಿದಳು. "ಅಳಿವು ಅಲ್ಲ. ಅಳಿವೆ. ಅಳ್ವೆ ಬಂತ್ ಅಂದಿರ್ತಾರೆ. ನದಿ ಸಮುದ್ರ ಸೇರೋ ಬಾಯಿ ಅದು. ನಮ್ಮೂರಲ್ಲಿ ಮಕ್ಕಳಿಗೂ ಗೊತ್ತು. ನಿಮ್ಮ ಮೈಸೂರಲ್ಲಿ ಸಮುದ್ರನೇ ಇಲ್ವಲ್ಲ."

ನಾನು ಲೇನ್ ಬದಲಾಯಿಸಿದೆ. ಬದಲಾಯಿಸುವ ಅಗತ್ಯವೇನೂ ಇರಲಿಲ್ಲ.

"ಅಂದ್ರೆ ಅಪ್ಪಂಗೆ ಗೊತ್ತಿರ್ಲಿಲ್ಲ" ಎಂದಳು. ದನಿ ಮತ್ತೆ ಮೆಟ್ಟಿಲ ಮೇಲೆ ಕೂತ ದಿನದ್ದಾಗಿತ್ತು.

"ಅದೂ ಹೇಳೋಕಾಗಲ್ಲ."

"ಶಿಪ್ ಹೊರಗೆ ಹೋಗ್ತಿತ್ತಾ, ಒಳಗೆ ಬರ್ತಿತ್ತಾ?"

"ಯಾಕೆ?"

"ಸಮುದ್ರಕ್ಕೆ ಹೋಗೋವಾಗ ಅಳಿವೆಯಲ್ಲಿ ಯಾರೂ ಬಾಯಿ ಬಿಡಲ್ಲ. ದೋಣಿ ಮಗುಚೋದು ಅಲ್ಲೇ. ನಮ್ಮಜ್ಜ ಬೀಡಿ ಕೂಡ ಆರಿಸ್ತಿದ್ರಂತೆ. ವಾಪಸ್ ಬರೋವಾಗ ಮಾತ್ರ ಅಳಿವೆ ಬಂತು ಅಂತ ಹೇಳೋದು. ಅಂದ್ರೆ ಇನ್ನೇನು ಮನೆ ಬಂತು ಅಂತ. ಬಾಯಿ ಬಿಡಬಾರದ ಕಡೆ, ಹೊರಗೆ ಹೋಗೋವಾಗ ಅಪ್ಪ ಆ ಮಾತಂದಿದ್ರೆ ಅವರಿಗೆ ಎಲ್ಲಾ ಗೊತ್ತಿತ್ತು, ಹೆದರಿದ್ರು ಅಂತ ಅರ್ಥ. ಒಳಗೆ ಬರೋವಾಗ ಅಂದಿದ್ರೆ... ಗೊತ್ತಿತ್ತೋ ಇಲ್ವೋ, ಆ ಗಳಿಗೆಗೆ ಆರಾಮಾಗಿದ್ರು. ನಂಗೆ ಅಷ್ಟು ಸಾಕು."

ಈ ತರ್ಕ ಯಾವ ಪರೀಕ್ಷೆಯಲ್ಲೂ ಪಾಸಾಗುವುದಿಲ್ಲ. ಅದನ್ನು ಹೇಳುವಷ್ಟು ಚೈತನ್ಯ ನನ್ನಲ್ಲಿರಲಿಲ್ಲ. ಹೊರಗೆ ಹೋಗುತ್ತಿತ್ತೆಂದು ನನ್ನ ನೆನಪು ಎಂದೆ.

"ನೆನಪಾ?" ಎಂದಳು, ಆ ಪದದ ಬೆಲೆಯೇ ಅಷ್ಟು ಎನ್ನುವ ಹಾಗೆ.

ಮನೆಗೆ ಬಂದು ಯೋಚಿಸಿದೆ. ಸಾವಿನ ಮಾತು ಕೇಳಿಸಿತೆಂದುಕೊಂಡ ಮೇಲೆ, ಆ ಮಾತಿಗೆ ತಕ್ಕ ಹಾಗೆ ನಾನೇ ಹಡಗನ್ನು ಸಮುದ್ರಕ್ಕೆ ತಿರುಗಿಸಿದ್ದೆನೇ? ಕಣ್ಣು ಮುಚ್ಚಿ ಓಕರಿಸುತ್ತಿದ್ದವನಿಗೆ ದಿಕ್ಕು ಎಲ್ಲಿಂದ ತಿಳಿಯಬೇಕು? ಪ್ರವಾಸ ಮುಗಿದ ವಾರ ಅವಳು ಕಳಿಸಿದ್ದ ಫೋಟೊಗಳನ್ನು ನಾನು ಒಮ್ಮೆಯೂ ತೆರೆದಿರಲಿಲ್ಲ. ಆವತ್ತು ತೆರೆದೆ. ಕಂಬಿ ಹಿಡಿದು ನಿಂತ ನಮ್ಮಿಬ್ಬರನ್ನು ಅವಳು ಹಿಂದಿನಿಂದ ತೆಗೆದದ್ದು ಒಂದಿತ್ತು. ಅದರಿಂದ ಏನೂ ತಿಳಿಯಲಿಲ್ಲ. ಆದರೆ ಪ್ರತಿ ಚಿತ್ರ ಎಲ್ಲಿ ತೆಗೆದದ್ದೆಂದು ಅವಳ ಫೋನು ಗುರುತಿಟ್ಟುಕೊಂಡಿತ್ತು. ಅದರ ಹಿಂದಿನ ಚಿತ್ರ, ಅದರ ಮುಂದಿನ ಚಿತ್ರ, ಎರಡನ್ನೂ ಭೂಪಟದ ಮೇಲಿಟ್ಟು ನೋಡಿದೆ. ಹಡಗು ಕಂಪನಿ ಪ್ರಕಟಿಸಿದ್ದ ದಾರಿಯ ಜೊತೆಗೂ ಹೋಲಿಸಿದೆ.

ಅಂಕಲ್ ಇಲ್ಲ. ಅವರಿಗೆ ಏನು ಗೊತ್ತಿತ್ತು ಎಂದು ಹೇಳಬಹುದಾದವರು ಅವರೊಬ್ಬರೇ ಆಗಿದ್ದರು. ಅವರ ಕಣ್ಣಿನ ನೀರು ಗಾಳಿಯದೋ ಅಲ್ಲವೋ ನಾನು ಹೇಳಲಾರೆ, ಆ ಪದವನ್ನು ಸರಿಯಾಗಿ ಕೇಳಿಸಿಕೊಂಡೆನೆಂದೂ ಹೇಳಲಾರೆ. ಪರಿಶೀಲಿಸಿ ಖಚಿತಪಡಿಸಿಕೊಂಡದ್ದು ಒಂದೇ ಸಂಗತಿ. ಅದನ್ನೇ ಅವಳಿಗೆ ಬರೆದು ಕಳಿಸಿದೆ. ಹಡಗು ಆಗ ಒಳಗೆ ಬರುತ್ತಿತ್ತು.