ಕಾಕಾ ತಂದ ಖುಕ್ರಿ

ಇಡೀ ಕುಂಬಳಕಾಯಿಯನ್ನು ಒಡೆದಾಗ ಬರುವ ಹಸಿ ವಾಸನೆ ನಿಮಗೂ ಗೊತ್ತಿರಬೇಕು. ಎಳೆ ಸವತೆಯ ತಂಪು ಒಂದಿಷ್ಟು, ತೊಯ್ದ ಮಣ್ಣಿನ ವಾಸನೆ ಒಂದಿಷ್ಟು. ಈಗ ಸಂತೆಯಲ್ಲಿ ಹೋಳು ಮಾಡಿಯೇ ಮಾರುತ್ತಾರೆ, ಮೊದಲ ಏಟು ಯಾರು ಹಾಕಿದರು ಎಂದು ಯಾರೂ ಕೇಳುವುದಿಲ್ಲ. ನಾನೂ ಕೇಳದೆ ಚೀಲಕ್ಕೆ ಹಾಕಿಕೊಳ್ಳುತ್ತೇನೆ. ಆದರೆ ಮನೆ ಮುಟ್ಟುವಷ್ಟರಲ್ಲಿ ಆ ವಾಸನೆ ನನ್ನನ್ನು ಉಟಗಿಯ ನಮ್ಮ ಮಣ್ಣಿನ ಮಾಳಿಗೆಯ ಮನೆಗೆ ಎಳೆದುಕೊಂಡು ಹೋಗಿರುತ್ತದೆ. ಅಲ್ಲಿ ಪಡಸಾಲೆಯ ಕಂಬಕ್ಕೆ ಒರಗಿ ಆಯಿ, ನನ್ನ ತಂದೆಯ ತಾಯಿ, ಹಣೆ ತುಂಬ ವಿಭೂತಿ ಬಳಿದುಕೊಂಡು ಕೂತಿರುತ್ತಾಳೆ. ಅವಳ ಮುಖ ನೆನಪಾದರೆ ಇವತ್ತಿಗೂ ನನಗೆ ಸಮಾಧಾನ ಇರುವುದಿಲ್ಲ.

ನಮ್ಮ ಕಡೆ ಹೆಂಗಸರು ಇಡೀ ಕುಂಬಳಕಾಯಿಗೆ ಮೊದಲ ಏಟು ಹಾಕುವಂತಿರಲಿಲ್ಲ. ಗಂಡಸು ಎರಡು ಹೋಳು ಮಾಡಿ ಕೊಟ್ಟ ಮೇಲೆಯೇ ಅದು ಈಳಿಗೆಗೆ ಬರಬೇಕು. ನಮ್ಮ ಮನೆಯ ತೊಡಕೇ ಅದು. ಅಜ್ಜ ಇರಲಿಲ್ಲ, ಅಪ್ಪ ನಾನು ತೊಟ್ಟಿಲಲ್ಲಿದ್ದಾಗಲೇ ತೀರಿಕೊಂಡಿದ್ದ, ಅಪ್ಪನ ತಮ್ಮ ಗುರುಪಾದ ಕಾಕಾ ದಂಡಿಗೆ ಸೇರಿ ದೂರ ಹೋಗಿದ್ದ. ಉಳಿದವರು ಆಯಿ, ಅವ್ವ ಮತ್ತು ನಾನು, ಮೂವರೂ ಹೆಂಗಸರೇ. ಹೀಗಾಗಿ ವರ್ಷಕ್ಕೊಮ್ಮೆ ಎಳ್ಳಮಾವಾಸ್ಯೆಗೆ ಮಗ್ಗುಲ ಮನೆಯ ಮುದುಕ, ನಾವು ಮುತ್ಯಾ ಎನ್ನುತ್ತಿದ್ದವ, ರುಮಾಲು ಸುತ್ತಿಕೊಂಡು, ಪಂಚಾಯತಿಗೆ ಬಂದವರ ಠೀವಿಯಲ್ಲಿ ಬಂದು, ನಮ್ಮದೇ ಕುಡಗೋಲಿನಿಂದ ಕಾಯಿ ಒಡೆದು, ಚಹಾ ಕುಡಿದು ಹೋಗುತ್ತಿದ್ದ. ಅವನು ಹೋದ ಮೇಲೆ ಆಯಿ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ತನ್ನ ಮಗ ಬಂದು ಒಡೆಯುವ ದಿನ ಬರಲಿ ಎಂದು ಅವಳು ಬೇಡದ ದೇವರಿರಲಿಲ್ಲ.

ಆ ದಿನ ಬಂತು. ಜತ್ತಿನ ಸಂಸ್ಥಾನ ಹೋಗಿ ಮುಂಬಯಿ ಸರಕಾರದ ಆಳಿಕೆ ಬಂದ ಹೊಸತು. ಕಾಕಾ ಕಬ್ಬಿಣದ ಟ್ರಂಕು ಹೊತ್ತುಕೊಂಡು ಬಂದ. ಕೊರಳಲ್ಲಿ ಲಿಂಗ ಇತ್ತು, ಆಯಿ ಮೊದಲು ನೋಡಿದ್ದು ಅದನ್ನೇ. ಊರವರು ಮಾತ್ರ ದಂಡಿನಲ್ಲಿ ಏನೇನು ತಿಂದು ಬಂದಿದ್ದಾನೋ ಎಂದು ಕಟ್ಟೆಯ ಮೇಲೆ ಕೂತು ಆಡಿಕೊಂಡರು. ಆ ಮಾತು ಆಯಿಯ ಕಿವಿಗೆ ಬಿದ್ದಿತ್ತು. ಕಾಕಾ ಟ್ರಂಕಿನಿಂದ ಎಣ್ಣೆ ಅರಿವೆಯಲ್ಲಿ ಸುತ್ತಿದ ಒಂದು ನೇಪಾಳಿ ಖುಕ್ರಿಯನ್ನು ತೆಗೆದ. ಮಗ್ಗುಲಲ್ಲೇ ಮಲಗುತ್ತಿದ್ದ ಗುರ್ಖಾ ದೋಸ್ತ ಕೊಟ್ಟದ್ದಂತೆ. ನಡುವಿನಲ್ಲಿ ಮುಂದಕ್ಕೆ ಬಾಗಿದ ಅಲಗು, ತುದಿಯ ಕಡೆಗೆ ಅಗಲ, ಚರ್ಮದ ಒರೆ, ಒರೆಯ ಬೆನ್ನಿಗೆ ಮರಿಯಂತೆ ಅಂಟಿಕೊಂಡ ಒಂದು ಪುಟ್ಟ ಚೂರಿ. ಮುತ್ಯಾನಿಗೆ ತನ್ನ ವರ್ಷಕ್ಕೊಮ್ಮೆಯ ಮರ್ಯಾದೆ ಹೋಗುತ್ತದೆಂಬ ಸಂಕಟ. ಇದು ಒಮ್ಮೆ ಹೊರಗೆ ಬಂದರೆ ರಕ್ತ ಕುಡಿಯದೆ ಒಳಗೆ ಹೋಗುವುದಿಲ್ಲ ಎಂದು ಆಯಿಗೆ ಹೇಳಿಬಿಟ್ಟ. ಕಾಕಾ ನಕ್ಕ. “ನಮ್ಮ ದೋಸ್ತಂದು ಬರೇ ಉಳ್ಳಾಗಡ್ಡಿ ರಗತ ಕುಡೀತಿತ್ತರಿ ಮುತ್ಯಾ” ಅಂದ. ಆಯಿ ನಗಲಿಲ್ಲ.

ಎಳ್ಳಮಾವಾಸ್ಯೆಯ ಬೆಳಿಗ್ಗೆ ಕಾಕಾ ಮಾಳಿಗೆಯ ಮೇಲಿದ್ದ ದೊಡ್ಡ ಕುಂಬಳಕಾಯಿಯನ್ನು ಇಳಿಸಿ ಪಡಸಾಲೆಯ ಹಲಗೆಯ ಮೇಲಿಟ್ಟ. ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಆಯಿಯನ್ನು ಕರೆದು ಎದುರಿಗೆ ಕೂರಿಸಿಕೊಂಡ. ಖುಕ್ರಿಯನ್ನು ಎತ್ತಿದ್ದು ಅಷ್ಟೇ, ಅದು ತನ್ನ ಭಾರಕ್ಕೆ ತಾನೇ ಇಳಿದಂತೆ ಇಳಿಯಿತು. ಕಾಯಿ ಎರಡಾಗಿ ಆಚೆಗೊಂದು ಈಚೆಗೊಂದು ಉರುಳಿತು. ಕಿತ್ತಳೆ ಬಣ್ಣ, ಬೀಜ, ಆ ವಾಸನೆ ಪಡಸಾಲೆಯ ತುಂಬ. ಕಾಕಾ ಅಲ್ಲೇ ಕೂತು ಹೋಳು ಮಾಡಿದ, ಸಿಪ್ಪೆ ತೆಗೆದ, ಮೆಂತ್ಯೆಯ ಸೊಪ್ಪನ್ನು ಎಷ್ಟು ಸಣ್ಣಗೆ ಕೊಚ್ಚಿದನೆಂದರೆ ಅವ್ವ ತನ್ನ ಈಳಿಗೆಯನ್ನು ಮೆಲ್ಲಗೆ ಮೂಲೆಗೆ ಸರಿಸಿದಳು. ಪುಟ್ಟ ಚೂರಿಯನ್ನು ನನಗೆ ಕೊಟ್ಟು ಅವರೆಕಾಯಿ ಸೋಸಲು ಹೇಳಿದ. ಏಟು ಏಟಿಗೂ ಕಾಕಾ ಆಯಿಯ ಮುಖ ನೋಡುತ್ತಿದ್ದ. ಸಾಲೆಯಲ್ಲಿ ಪಾಟಿ ತೋರಿಸುವ ಹುಡುಗರು ಮಾಸ್ತರರ ಮುಖ ನೋಡುತ್ತಾರಲ್ಲ, ಹಾಗೆ. ಆಯಿ ಅಲಗನ್ನು ನೋಡುತ್ತಿದ್ದಳು.

ಮಧ್ಯಾಹ್ನ ಹೊಲಕ್ಕೆ ಹೋದೆವು. ಅವತ್ತು ಮಾಡಿದ ಅಡಿಗೆಯನ್ನೆಲ್ಲ ಒಂದಿಷ್ಟು ಕಲಸಿ, ನಿಂತ ಜೋಳದ ಬೆಳೆಗೆ ಸುತ್ತ ಎರಚಿ ಭೂಮಿತಾಯಿಗೆ ಉಣಿಸಬೇಕು, ಅದಕ್ಕೆ ಚರಗ ಎನ್ನುತ್ತೇವೆ. ಆಯಿ ಕಲಸಿ ಕೊಟ್ಟ ಬುಟ್ಟಿಯನ್ನು ಹಿಡಿದು ಕಾಕಾ ಅದರೊಳಗೆ ನೋಡಿದ. ರೊಟ್ಟಿ, ಕಡುಬು, ಭಜ್ಜಿ ಎಲ್ಲ ಇದ್ದವು. ಕುಂಬಳಕಾಯಿ ಪಲ್ಯ ಇರಲಿಲ್ಲ.

“ಗುಂಬಳಕಾಯಿ ಪಲ್ಯ ಇಲ್ಲಲ್ಲವ್ವಾ?” ಎಂದು ಆಯಿಯನ್ನು ಕೇಳಿದ.

“ಮರತೆ, ತಮ್ಮಾ.”

“ಈಗರ ಹಾಕು.”

“ಒಮ್ಮಿ ಕಲಸಿದ ಮ್ಯಾಲ ಮತ್ತ ಹಾಕಬಾರದು.”

ಅಂಥ ಪದ್ಧತಿ ಯಾವುದೂ ಇರಲಿಲ್ಲ. ಕಾಕಾ ಹೋಗಿ ಚರಗ ಚೆಲ್ಲಿ ಬಂದ. ಬನ್ನಿ ಗಿಡದ ನೆರಳಲ್ಲಿ ಉಣ್ಣಲು ಕೂತಾಗ ಆಯಿಯ ತಾಟಿನಲ್ಲೂ ಆ ಪಲ್ಯ ಇರಲಿಲ್ಲ. ನಾನು ಎರಡು ಸಲ ಹಾಕಿಸಿಕೊಂಡು ತಿಂದೆ, ಅಷ್ಟು ರುಚಿಯಾಗಿತ್ತು. ಸಂಜೆ ಮನೆಗೆ ಬಂದ ಮೇಲೆ ಉಳಿದದ್ದನ್ನು ಆಯಿ ಎಮ್ಮೆಯ ಬಾನಿಗೆ ಸುರಿದಳು. ತಿರುಗಿ ನೋಡಿದರೆ ಕೊಟ್ಟಿಗೆಯ ಬಾಗಿಲಲ್ಲಿ ಕಾಕಾ ನಿಂತಿದ್ದ.

ಹಬ್ಬದ ಅರಿವೆ ಒಗೆದು ಒಣಗುವಷ್ಟರಲ್ಲಿ ಕಾಕಾ ಸೊಲ್ಲಾಪುರದ ಗಿರಣಿಗೆ ಹೊರಟ. ಖುಕ್ರಿಯನ್ನು ಒಯ್ಯಲಿಲ್ಲ. ಹಾದಿಯ ತನಕ ಕಳಿಸಲು ಹೋದ ಅವ್ವನಿಗೆ ಹೇಳಿದ, “ಅದು ಕೋರಾ ಇತ್ತರಿ ವೈನಿ. ಮಾಂಸ ಕಡದದ್ದು ನಮ್ಮ ಮನ್ಯಾಗ ನಡಿಯೂದಿಲ್ಲಂತ ದೋಸ್ತಗ ಗೊತ್ತಿತ್ತು, ಹೊಸಾದು ಮಾಡಿಸಿ ಕೊಟ್ಟಿದ್ದ. ಮೊದಲನೇ ಏಟು ಅವ್ವನ ಮುಂದ ಹಾಕಬೇಕಂತ ಇಟ್ಟಿದ್ದೆ.” ಅದನ್ನು ಅತ್ತೆಯ ಮುಂದೆ ಯಾಕೆ ಹೇಳಲಿಲ್ಲ ಎಂದು ಅವ್ವ ಕೇಳಿದಳಂತೆ. “ಆಕಿ ಕೇಳಲಿಲ್ಲಲ್ಲರಿ” ಅಂದನಂತೆ.

ಅವ್ವ ಬಂದು ಇದನ್ನು ಹೇಳಿದಾಗ ಆಯಿ ಜೋಳ ಹಸನು ಮಾಡುತ್ತಿದ್ದಳು. ಮೊರ ಕೈಯಲ್ಲೇ ನಿಂತಿತು. ಹೆತ್ತ ಮಗನನ್ನು ಒಂದು ಮಾತು ಕೇಳಲಾರದವಳು ಊರವರ ಮಾತನ್ನು ನಂಬಿದೆನಲ್ಲ ಎಂದು ಅವಳು ಬಾಯಿ ಬಿಟ್ಟು ಅಂದದ್ದು ಎಷ್ಟೋ ದಿನ ಕಳೆದ ಮೇಲೆ. ಅವತ್ತು ಮಾತ್ರ ಎದ್ದು, ಖುಕ್ರಿಗೆ ಎಣ್ಣೆ ಸವರಿ, ಅಡಿಗೆಮನೆಯಲ್ಲಿ ಈಳಿಗೆಯ ಮಗ್ಗುಲಿಗೆ ಇಟ್ಟಳು. ಮುಂದಿನ ಎಳ್ಳಮಾವಾಸ್ಯೆಗೆ ಮುತ್ಯಾ ರುಮಾಲು ಸುತ್ತಿಕೊಂಡು ಬಂದರೆ ಚಹಾ ಕುಡಿಸಿ ಹಾಗೇ ಕಳಿಸಿದಳು. ನಮ್ಮ ಮನೆಯಲ್ಲಿ ಕುಂಬಳಕಾಯಿ ಬೆಳೆಯುವುದು ನಿಲ್ಲಲಿಲ್ಲ, ಒಡೆಯುವುದು ನಿಂತಿತು. ಮಾಳಿಗೆಯ ಮೇಲೆ ಅವು ಕೂತಲ್ಲೇ ಕೊಳೆತವು. ಸೊಲ್ಲಾಪುರಕ್ಕೆ ಹೋಗುವ ಯಾರು ಸಿಕ್ಕರೂ ಆಯಿ ಅವನಿಗೆ ಬಾ ಎಂದು ಹೇಳಿ ಕಳಿಸುತ್ತಿದ್ದಳು. ಅವರು ತಿರುಗಿ ಬಂದು, ಗುರುಪಾದ ಚಲೋ ಇದ್ದಾನೆ ಎನ್ನುತ್ತಿದ್ದರು. ಅಷ್ಟೇ.

ನನ್ನ ಮದುವೆ ಗೊತ್ತಾದಾಗ ಕಾಕಾ ಬಂದ. ಎಸ್.ಟಿ. ಬಸ್ಸಿನಿಂದ ಇಳಿದವನ ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ಆಯಿ ಹಲಗೆ ಹಾಕಿ, ಕುಂಬಳಕಾಯಿ ಇಟ್ಟು, ಖುಕ್ರಿಯನ್ನು ಅವನ ಕೈಗೆ ಕೊಟ್ಟು ಎದುರಿಗೆ ಕೂತಳು. ಕಾಕಾ ಬಹಳ ಹೊತ್ತು ಅಲಗನ್ನು ನೋಡಿದ. ಒಂದು ಚುಕ್ಕೆ ತುಕ್ಕಿರಲಿಲ್ಲ. ಆಮೇಲೆ ಒಡೆದ. ಹೋಳು ಉರುಳಿ ನಿಲ್ಲುವ ಮೊದಲೇ ಆಯಿ ಒಂದು ಹಸಿ ತುಂಡು ಮುರಿದು ಬಾಯಿಗೆ ಹಾಕಿಕೊಂಡಳು.

“ಕುದಿಸಿಯರ ತಿನ್ನವ್ವಾ” ಅಂದ ಕಾಕಾ.

“ತಡದದ್ದು ಸಾಕಾತೋ” ಅಂದಳು, ಅಗಿಯುತ್ತಲೇ. ಕಣ್ಣಿನ ನೀರು ಗಲ್ಲದ ಮೇಲಿಂದ ಇಳಿದು ಬಾಯಿಗೇ ಬರುತ್ತಿತ್ತು.

ಪಲ್ಯ ಆಯಿತು, ಎಲ್ಲರೂ ಕೂಡಿ ಉಂಡೆವು. ಆಯಿ ತಾಟು ಬಳಿದು ಉಂಡಳು. ಮದುವೆ ಮುಗಿಸಿ ಕಾಕಾ ಸೊಲ್ಲಾಪುರಕ್ಕೆ ಹೋದ. ಮತ್ತೆ ಅವನು ಬಂದದ್ದು ಆಯಿಯ ಮಣ್ಣಿಗೆ. ಆ ಮನೆ ಈಗಿಲ್ಲ, ಮಾಳಿಗೆ ಕುಸಿದು ಗೋಡೆಯ ಮಣ್ಣು ಹಿತ್ತಲ ಮಣ್ಣಿಗೆ ಸೇರಿತು. ಅವ್ವ ಹೋದಳು, ಕಾಕಾನೂ ಹೋದ. ಖುಕ್ರಿ ನನ್ನ ಅಡಿಗೆಮನೆಯಲ್ಲಿದೆ. ಎಣ್ಣೆ ಸವರುತ್ತೇನೆ, ಬಳಸುವುದಿಲ್ಲ.

ಹಾಸಿಗೆ ಹಿಡಿದ ಮೇಲೆ ಆಯಿ ಒಂದೇ ಮಾತು ಕೇಳುತ್ತಿದ್ದಳು. ಗಂಡನ ಮನೆಯಿಂದ ನೋಡಲು ಹೋದ ನನ್ನನ್ನೂ ಕೈ ಹಿಡಿದು ಕೇಳಿದಳು. “ಅವತ್ತ ಹೊಲದಾಗ ಅಂವ ಹೊಟ್ಟಿ ತುಂಬ ಉಂಡನೇನ?” ಉಂಡ, ಎರಡು ಸಲ ಹಾಕಿಸಿಕೊಂಡು ಉಂಡ ಎಂದೆ. ಅವ್ವನೂ ಅದನ್ನೇ ಹೇಳುತ್ತಿದ್ದಳು. ನಿಜ ಏನೆಂದರೆ ಅದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಅವತ್ತು ನಾವೆಲ್ಲ ಆಯಿಯ ತಾಟನ್ನೇ ನೋಡುತ್ತ ಕೂತಿದ್ದೆವು. ಕಾಕಾನ ತಾಟನ್ನು ಯಾರೂ ನೋಡಲಿಲ್ಲ.