ಕೊನೆಯ ಅಧ್ಯಾಯಕ್ಕೆ ಹೊಲಿಗೆ

ತುಟಿಗಳ ನಡುವೆ ಸಾಲಾಗಿ ಗುಂಡುಪಿನ್ನು ಕಚ್ಚಿ ಹಿಡಿದೇ ಮೌಶಿ ಮಾತಾಡುತ್ತಿದ್ದರು. ಒಂದು ಪಿನ್ನೂ ಬೀಳುತ್ತಿರಲಿಲ್ಲ, ಮಾತೂ ನಿಲ್ಲುತ್ತಿರಲಿಲ್ಲ. ಪಿನ್ನುಗಳನ್ನು ಬಾಯಿಂದ ತೆಗೆದು ಪಕ್ಕಕ್ಕಿಟ್ಟರೆಂದರೆ ವಿಷಯ ಗಂಭೀರ: ಒಂದೋ ಯಾರದೋ ಮದುವೆಯ ಬ್ಲೌಸು ಕೆಟ್ಟಿದೆ, ಇಲ್ಲವೇ ಯಾರೋ ಅವರ ಮೆಚ್ಚಿನ ಪತ್ತೇದಾರಿ ಲೇಖಕನನ್ನು ಬೈದಿದ್ದಾರೆ. ಎರಡನೆಯ ಕೆಲಸವನ್ನು ಹೆಚ್ಚಾಗಿ ಮಾಡುತ್ತಿದ್ದವಳು ನಾನು.

ಹಾನಗಲ್ಲಿನ ನಮ್ಮ ಓಣಿಯಲ್ಲೇ ಅವರ ಹೊಲಿಗೆ ಅಂಗಡಿ. ರಕ್ತಸಂಬಂಧದ ಚಿಕ್ಕಮ್ಮನೇನೂ ಅಲ್ಲ, ಓಣಿಗೆಲ್ಲ ಮೌಶಿ, ನನಗೂ ಮೌಶಿ. ಬಟ್ಟೆ ಗಂಟುಗಳ ಮೇಲಿನ ಹಲಗೆಯ ತುಂಬ ಪತ್ತೇದಾರಿ ಕಾದಂಬರಿಗಳು. ಅಳತೆ ಕೊಡಲು ಬಂದವರು ಹೋಗುವಾಗ ಒಂದು ಪುಸ್ತಕ ಒಯ್ಯುತ್ತಿದ್ದರು. ಸವಣೂರು ಬಸ್ಸಿನ ಕಂಡಕ್ಟರ್ ಅಕ್ಕ ತನ್ನ ಚೀಲದಲ್ಲಿ ಪುಸ್ತಕ ಹಾಕಿಕೊಂಡು ಶಿಗ್ಗಾಂವಿ, ಸವಣೂರಿನ ಓದುಗರಿಗೆ ಮುಟ್ಟಿಸುತ್ತಿದ್ದಳು. ಹಿರೇಕೆರೂರಿನ ಪಾಳಿ ಬಿದ್ದ ವಾರ ಅಲ್ಲಿಂದ ಹೊಸದೇನಾದರೂ ತರುತ್ತಿದ್ದಳು.

ಆದರೆ ಮೌಶಿಯ ಕೈಯಿಂದ ಹೋಗುವ ಪ್ರತಿ ಪುಸ್ತಕಕ್ಕೂ ಒಂದು ಕಟ್ಟಳೆಯಿತ್ತು. ಕೊನೆಯ ಅಧ್ಯಾಯದ ಹಾಳೆಗಳನ್ನೆಲ್ಲ ಕೂಡಿಸಿ ಅಂಚಿಗೆ ಕಚ್ಚಾ ಹೊಲಿಗೆ ಹಾಕಿರುತ್ತಿದ್ದರು. ಉಳಿದದ್ದನ್ನು ಓದಿ ಬಂದು, ಕೊಲೆಗಾರ ಯಾರು, ಯಾಕೆ ಅವನೇ ಎಂದು ಅವರೆದುರು ಕೂತು ಹೇಳಬೇಕು. ದಾರಕ್ಕೆ ಕತ್ತರಿ ಬೀಳುವುದು ಆಮೇಲೆ. ದೂರದವರು ಕಂಡಕ್ಟರ್ ಅಕ್ಕನ ಮುಂದೆ ಹೇಳಿದರೂ ನಡೆಯುತ್ತಿತ್ತು.

"ಇದೆಂಥಾ ಜುಲುಮಿ ಮೌಶಿ? ಪೂರಾ ಓದೂದು ಓದುವವರ ಹಕ್ಕು," ಎಂದಿದ್ದೆ ಮೊದಲ ಸಲ.

"ಓದು, ಯಾರು ಬ್ಯಾಡಂದ್ರು? ಪುಸ್ತಕ ವಾಪಸ್ ತಂದು 'ಛಲೋ ಐತ್ರಿ' ಅಂತ ಒಗದು ಓಡಿ ಹೋಗಾವ್ರು ನನಗ ಬ್ಯಾಡ. ಕುಂತು ಮಾತಾಡಾವ್ರು ಬೇಕು."

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದು ಗೆದ್ದು ಕೊಬ್ಬಿದ್ದ ಕಾಲ ಅದು. ಯಾವ ವಿಷಯ ಕೊಟ್ಟರೂ ನಾನು ವಿರೋಧದ ಪಕ್ಷವನ್ನೇ ಬೇಡುತ್ತಿದ್ದೆ. ಕಟ್ಟುವುದಕ್ಕಿಂತ ಕೆಡವುವುದಕ್ಕೆ ಬೇಗ ಚಪ್ಪಾಳೆ ಬೀಳುತ್ತದೆ. ಆ ಮೊದಲ ಪುಸ್ತಕದಲ್ಲಿ ಕೊಲೆಗಾರ ಡಾಕ್ಟರೇ ಎಂದು ಸಾಕ್ಷಿ ಸಮೇತ ಸಾಧಿಸಿದೆ. ದಾರ ಬಿಚ್ಚಿದರೆ ಡಾಕ್ಟರು ನಿರಪರಾಧಿ. ನಾನು ಲೇಖಕನ ಮೇಲೆ ತಿರುಗಿಬಿದ್ದೆ. "ಇದು ಶುದ್ಧ ಮೋಸ! ಸುಳಿವೇ ಕೊಟ್ಟಿಲ್ಲ ಅಂವ."

ಪಿನ್ನುಗಳು ಬಾಯಿಂದ ಹೊರಬಂದವು. "ನೀ ಪುಸ್ತಕ ಓದಂಗಿಲ್ಲವ್ವಾ. ಪೊಲೀಸ್‌ನೋರ ಗತೆ ಹಿಡದು ಕೂಡಸ್ತಿ."

ಹೊಸ ಪುಸ್ತಕ ಬಂದಾಗ ಮೌಶಿಯ ಊಹೆಯೂ ಸರಿಯಾಗುತ್ತಿದ್ದದ್ದು ಅಪರೂಪ. ಆದರೆ ತಪ್ಪಿದಾಗ ಅವರಿಗೆ ಆಗುತ್ತಿದ್ದ ಖುಷಿ ನನ್ನ ತರ್ಕಕ್ಕೆ ನಿಲುಕುತ್ತಿರಲಿಲ್ಲ. "ನೋಡ ನೋಡ, ಹೆಂಗ ಕೆಡವಿದ ನನ್ನ!" ಎಂದು ತೊಡೆ ತಟ್ಟಿಕೊಂಡು ನಗುತ್ತಿದ್ದರು. ಸೋತು ಹೀಗೆ ನಗುವವರನ್ನು ನಾನು ಯಾವ ವೇದಿಕೆಯಲ್ಲೂ ಕಂಡಿರಲಿಲ್ಲ.

ಹೋದ ವರ್ಷ ಬೇಸಿಗೆಯಲ್ಲಿ ಹಿರೇಕೆರೂರಿನಿಂದ ಒಂದು ಹಳೆಯ ಕಾದಂಬರಿ ಬಂತು. ಮೌಶಿಯ ಮೆಚ್ಚಿನ ಲೇಖಕನದೇ; ಅವನು ಬರೆದದ್ದರಲ್ಲಿ ಅವರು ಓದದೆ ಉಳಿದಿದ್ದ ಒಂದೇ ಪುಸ್ತಕ. ಕಣ್ಣು ಬಿದ್ದರೆ ಕೊಲೆಗಾರನ ಹೆಸರು ಕಂಡೀತೆಂದು ಮುಖ ಆಚೆ ತಿರುಗಿಸಿ, ಹಾಳೆಗಳನ್ನು ಬೆರಳಲ್ಲೇ ತಡವಿ ಹೊಲಿದರು. ಪುಸ್ತಕ ಎಲ್ಲರ ಮನೆ ಸುತ್ತಿತು. ಒಬ್ಬ ಸಕ್ಕರೆ ಕಾರ್ಖಾನೆಯ ಧಣಿ ತನ್ನದೇ ಬಂಗಲೆಯಲ್ಲಿ ಸತ್ತಿದ್ದಾನೆ, ಬಾಗಿಲು ಒಳಗಿನಿಂದ ಹಾಕಿದೆ. ಕಂಡಕ್ಟರ್ ಅಕ್ಕ ಹೆಂಡತಿಯನ್ನು ಹಿಡಿದಳು, ನಾನು ವಕೀಲನನ್ನು, ಮೌಶಿ ಮ್ಯಾನೇಜರನನ್ನು. ವಾರಗಟ್ಟಲೆ ಜಗಳವಾಡಿದೆವು. ಕೊನೆಗೆ ಒಂದು ರವಿವಾರ ಎಲ್ಲರೂ ಸೇರಿದ ಮೇಲೆ ಮೌಶಿ ದಾರ ಕತ್ತರಿಸಿ ಗಟ್ಟಿಯಾಗಿ ಓದತೊಡಗಿದರು.

ಒಳಗೆ ಮದುವೆ ನಡೆದಿತ್ತು! ವರ, ವಧು, ವಾಲಗ. ಬೈಂಡು ಮಾಡಿದವನು ಯಾವುದೋ ಸಂಸಾರದ ಕಾದಂಬರಿಯ ಬಾಲವನ್ನು ತಂದು ಇದಕ್ಕೆ ಅಂಟಿಸಿದ್ದ. ನೋಡದೆ ಹೊಲಿದದ್ದರಿಂದ ಯಾರಿಗೂ ತಿಳಿದಿರಲಿಲ್ಲ.

"ಇರಲಿ ಬಿಡ್ರಿ, ಮದಿವಿ ಅಂದ್ರನೂ ಒಂದು ನಮೂನಿ ಕೊಲಿನ," ಎಂದಳು ಕಂಡಕ್ಟರ್ ಅಕ್ಕ. ಎಲ್ಲರೂ ನಕ್ಕೆವು. ಮೌಶಿ ಮಾತ್ರ ಆ ಹಾಳೆಗಳನ್ನು ಹಿಂದೆ ಮುಂದೆ ತಿರುವುತ್ತಲೇ ಇದ್ದರು.

ಮಳೆಗಾಲ ಹಿಡಿಯುವಷ್ಟರಲ್ಲಿ ಅವರ ಎರಡೂ ಕಿಡ್ನಿ ಕೈಕೊಟ್ಟವು. ಡಯಾಲಿಸಿಸ್‌ಗೆಂದು ಹಾವೇರಿಗೆ ಹೋಗಿಬರಬೇಕಾಯಿತು. ಜೊತೆಗೆ ನಾನು ಹೋಗುತ್ತಿದ್ದೆ. ಡಾಕ್ಟರು ಬಹಳ ದಿನಗಳ ಭರವಸೆ ಕೊಡಲಿಲ್ಲ. ಮೌಶಿ ಅದನ್ನು ತಾವೇ ಬಾಯಿ ಬಿಟ್ಟು ಹೇಳಿದರು. "ಹೋಗೂದು ಎಲ್ಲಾರಿಗೂ ಐತಿ. ಆ ಧಣಿನ್ನ ಕೊಂದಾವ ಯಾರು ಅಂತ ತಿಳೀದ ಹೋಗೂದು ಒಂದ ಬ್ಯಾಸರ ನೋಡು."

ಹುಡುಕಾಟಕ್ಕೆ ಬಿದ್ದೆವು. ಹುಬ್ಬಳ್ಳಿಯ ಹಳೆಯ ಪುಸ್ತಕದ ಅಂಗಡಿಗಳನ್ನು ನಾನು ಜಾಲಾಡಿ ಬರಿಗೈಲಿ ಬಂದೆ. ಕಂಡಕ್ಟರ್ ಅಕ್ಕ ಟಿಕೆಟು ಕೊಡುತ್ತ ಕೊಡುತ್ತ ಬಸ್ಸಿನಲ್ಲಿ ಎಲ್ಲರನ್ನೂ ಕೇಳುತ್ತಿದ್ದಳು: "ಚಿಲ್ಲರ ಇಲ್ಲಂದ್ರೂ ನಡೀತೈತಿ, ಈ ಹೆಸರಿನ ಪುಸ್ತಕ ಐತೇನ್ರಿ ಮನ್ಯಾಗ?" ಕಡೆಗೆ ಸವಣೂರಿನ ಖಾರಾ ಅಂಗಡಿಯವನೊಬ್ಬ ತನ್ನ ತಾಯಿಯ ಪೆಟ್ಟಿಗೆಯಿಂದ ಒಂದು ಪ್ರತಿ ತೆಗೆದುಕೊಟ್ಟ. ಪುಟಗಳೆಲ್ಲ ಸರಿಯಾಗಿದ್ದವು. ತಮಗಿಂತ ಮುಂಚೆ ನಾನು ಓದಕೂಡದೆಂದು ಮೌಶಿ ಆಣೆ ಹಾಕಿಸಿದ್ದರು. ಓದಲಿಲ್ಲ.

ಡಯಾಲಿಸಿಸ್ ಯಂತ್ರದ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೊನೆಯ ಅಧ್ಯಾಯ ಓದಿದೆ. ಕೊಲೆಗಾರ ಧಣಿಯ ಅವಳಿ ತಮ್ಮ. ಪರದೇಶದಿಂದ ಬಂದವನು. ಅದಕ್ಕೂ ಮುಂಚೆ ಇಡೀ ಪುಸ್ತಕದಲ್ಲಿ ಅವನ ಹೆಸರೇ ಇಲ್ಲ.

ಮೌಶಿ ಛಾವಣಿ ನೋಡುತ್ತ ಮಲಗಿದ್ದರು. ಮುಖ ಸಣ್ಣದಾಗಿತ್ತು. "ನೀ ಹೇಳಿದ್ದ ಖರೇ ಆತಲ್ಲ," ಎಂದರು. "ಮೋಸಗಾರ ಅಂವ. ಇಂಥಾವನ ಪುಸ್ತಕ ಓದ್ರಿ ಓದ್ರಿ ಅಂತ ಊರ ಮಂದಿಗೆಲ್ಲಾ ಕೊಟ್ಟೆ. ಹುಚ್ಚಿ ನಾ."

ಗೆದ್ದಿದ್ದೆ. ಇಷ್ಟು ವರ್ಷ ಅವರ ಬಾಯಿಂದ ಬರಲೆಂದು ಕಾದ ಮಾತು ಬಂದಿತ್ತು. ಅದನ್ನು ಕೇಳಲಾಗಲಿಲ್ಲ ನನಗೆ.

"ಇಲ್ಲ ಮೌಶಿ, ಸುಳಿವು ಐತಿ," ಎಂದೆ. "ಕೊಲಿ ಆದ ದಿನ ಅಡಿಗಿಯಾಕಿ ಒಂದು ರೊಟ್ಟಿ ಜಾಸ್ತಿ ಬಡದಾಳ. ಯಾರ ಸಲುವಾಗಿ?"

"ಒಂದು ರೊಟ್ಟಿ ಮ್ಯಾಲೆ ಗಲ್ಲಿಗೆ ಏರಸ್ತೀ ಏನ ಮನಶ್ಯಾನ್ನ?"

"ನಾಯಿ ಬೊಗಳೇತಂತ ಬರದಾನಲ್ರಿ! ಮನಿಯವರಿಗೆ ಯಾಕ ಬೊಗಳ್ತೈತಿ ಅದು?"

"ನಾಯಿ ಬೊಗಳದ ಏನು ಭಜನಿ ಮಾಡ್ತೈತೇನ?" ಮೌಶಿ ದಿಂಬಿನಿಂದ ತಲೆಯೆತ್ತಿದರು. "ಹೆಸರ ಹೇಳದವನ್ನ ತಂದು ಕಡೀಕ ನಿಲ್ಲಿಸಿದ್ರ ಅದು ಅನ್ಯಾಯ. ನೀನ ಹೇಳಿದ್ದಿ ಈ ಮಾತು."

"ಹೇಳಿದ್ದೆ. ತಪ್ಪು ಹೇಳಿದ್ದೆ."

"ತಪ್ಪಲ್ಲ, ಖರೇನ ಹೇಳಿದ್ದಿ!"

ನರ್ಸಬಾಯಿ ಓಡಿಬಂದರು. "ಏನ್ರಿ ಇದು, ಸಂತಿ ಅಂತ ತಿಳದೀರೇನು? ಪೇಶಂಟ್ ಯಾರು ನಿಮ್ಮಿಬ್ಬರಾಗ?"

ಅವರು ಹೋದ ಮೇಲೆ ಮೌಶಿ ನನ್ನ ಮಣಿಕಟ್ಟು ಹಿಡಿದರು. "ನನ್ನ ಮ್ಯಾಲಿನ ಕನಿಕರಕ್ಕ ವಾದಾ ಮಾಡಬ್ಯಾಡ. ಖರೇ ಹೇಳು. ಪುಸ್ತಕ ಹೆಂಗೈತಿ?"

ಪರ, ವಿರೋಧ ಎರಡಕ್ಕೂ ತಯಾರಿಯಿಲ್ಲದೆ ನಾನು ಬಾಯಿ ತೆರೆದದ್ದು ಅದೇ ಮೊದಲಿರಬೇಕು. "ಕಡೀ ಅಧ್ಯಾಯ ಕೆಟ್ಟೈತ್ರಿ. ರೊಟ್ಟಿ, ನಾಯಿ ಎಲ್ಲಾ ಸುಳ್ಳ ಜಗ್ಗಾಡಿದೆ. ಆದ್ರ ಬ್ಯಾಸಿಗಿಯಿಂದ ಇಲ್ಲೀತನ ಆ ಬಂಗ್ಲೆ ನನ್ನ ತಲಿ ಬಿಟ್ಟು ಹೋಗಿಲ್ಲ. ನನಗ ಭಾಳ ಸೇರೇತಿ ಅದು."

ಮೌಶಿ ನನ್ನ ಮಣಿಕಟ್ಟು ಬಿಟ್ಟರು. ಆಮೇಲೆ ಮೆಲ್ಲಗೆ ಅವರ ಹೊಟ್ಟೆ ಕುಣಿಯತೊಡಗಿತು; ನಗುತ್ತಿದ್ದರು. "ಅವಳಿ ತಮ್ಮ ಅಂತ! ಹೆಂಗ ಕೆಡವಿದ ನೋಡ ಭಾಡ್ಯಾ!" ಎಂದವರು ಪುಸ್ತಕದ ಕಡೆ ಕೈ ತೋರಿಸಿ, "ಯಾರಿಗರೆ ಕೊಡು ಇದನ್ನ. ಈಗ ನೀ ಹೇಳಿದ್ಯಲ್ಲಾ, ಹಂಗ ಹೇಳಿ ಕೊಡು," ಎಂದರು.

ದೀಪಾವಳಿಗೆ ಮುಂಚೆ ಮೌಶಿ ಹೋದರು.

ತಿಂಗಳಾದ ಮೇಲೆ, ಹೊಲಿಯಲು ಕೊಟ್ಟ ಬಟ್ಟೆ ವಾಪಸ್ಸು ಒಯ್ಯಲೆಂದು ಗಿರಾಕಿಗಳು ಒಬ್ಬೊಬ್ಬರಾಗಿ ಬಂದರು. ಗಂಟುಗಳನ್ನು ಹುಡುಕಿ ಕೊಡಲು ನಾನೇ ಕೂತಿದ್ದೆ. ಮಾಸೂರಿನಿಂದ ಬಂದಿದ್ದ ಒಬ್ಬ ಹೆಂಗಸು ತನ್ನ ಬಟ್ಟೆ ತೆಗೆದುಕೊಂಡ ಮೇಲೂ ಹಲಗೆಯನ್ನೇ ನೋಡುತ್ತ ನಿಂತಳು. "ಯಾವುದರೆ ಛಲೋದು ಇದ್ರ ಕೊಡ್ರಲಾ," ಎಂದಳು.

ನಾನು ಆ ಪುಸ್ತಕ ತೆಗೆದು ಅವಳ ಕೈಗಿಟ್ಟೆ. "ಕಡೀ ಅಧ್ಯಾಯ ಕೆಟ್ಟೈತ್ರಿ. ಆದ್ರೂ ನನಗ ಭಾಳ ಸೇರೇತಿ," ಎಂದೆ.

"ಕಡೀದು ಕೆಟ್ಟಿದ್ರ ಮತ್ಯಾಕ ಓದಬೇಕ್ರಿ?" ಎಂದಳು ಅವಳು, ಹುಬ್ಬು ಗಂಟಿಕ್ಕಿ.

ನನಗೆ ಎಲ್ಲಿಲ್ಲದ ಸಂತೋಷವಾಯಿತು. ಸ್ಟೂಲು ಎಳೆದು ಹಾಕಿ, "ಕುಂಡ್ರರಿ, ಹೇಳ್ತೇನಿ," ಎಂದೆ.