ಬೆಂಕಿಯ ಪಕ್ಕದ ಮುಖಗಳು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬಚ್ಚಲುಮನೆಯ ಬಾಗಿಲು ತೆರೆಯುತ್ತದೆ. ಒದ್ದೆ ಫಿಲ್ಮಿನ ತುದಿಯನ್ನು ಎರಡೇ ಬೆರಳಲ್ಲಿ ಹಿಡಿದು ಅವಳು ಹೊರಬರುತ್ತಾಳೆ. ಮನೆಯ ಬಚ್ಚಲೇ ಅವಳ ಡಾರ್ಕ್‌ರೂಮ್.

"ಬಂತಾ?" ಹೊರಗೆ ಕೂತ ಗಂಡ ಕೇಳುತ್ತಾನೆ.

"ಇರಿ, ನೋಡೋಕೇ ಧೈರ್ಯ ಬರ್ತಿಲ್ಲ."

ಇವಳು ಎರಕದ ಕಾರ್ಖಾನೆಯ ಫೋಟೋಗ್ರಾಫರ್. ಮೊದಲು ಗಂಡನ ಕೆಲಸ. ಅವನ ಕಣ್ಣು ಮಂಜಾದ ಮೇಲೆ ಕ್ಯಾಮೆರಾ ಇವಳ ಹೆಗಲಿಗೆ ಬಂತು. ಹಗಲಲ್ಲಿ ಯಂತ್ರಗಳ ಚಿತ್ರ ತೆಗೆಯುವುದು ನೀರು ಕುಡಿದಷ್ಟು ಸಲೀಸು. ರಾತ್ರಿ ಪಾಳಿಯಲ್ಲಿ ಕರಗಿದ ಕಬ್ಬಿಣ ಸುರಿಯುವ ಚಿತ್ರ ಮಾತ್ರ ಕೈಗೆ ಹತ್ತಲೇ ಇಲ್ಲ. ಬೆಳಕು ಅಳೆಯುವ ಮೀಟರ್ ಹೇಳಿದಂತೆ ತೆಗೆದರೆ ಬೆಂಕಿ ಸೊಗಸಾಗಿ ಬರುತ್ತಿತ್ತು, ಪಕ್ಕದಲ್ಲಿ ನಿಂತವರು ಮಸಿಗೊಂಬೆಗಳು. ಮುಖ ಕಾಣಲೆಂದು ಹೆಚ್ಚು ಹೊತ್ತು ಬೆಳಕು ಬಿಟ್ಟರೆ ಬೆಂಕಿಯೇ ಇಡೀ ಚಿತ್ರವನ್ನು ಬೆಳ್ಳಗೆ ನುಂಗುತ್ತಿತ್ತು.

"ಮೀಟರ್‌ಗೇನು ಗೊತ್ತು? ಹೊಳೆಯೋದನ್ನೇ ನೋಡುತ್ತೆ," ಎಂದು ನಗುತ್ತಾಳೆ. "ಸಾಲದ್ದಕ್ಕೆ ಕತ್ತಲಲ್ಲಿ ಫಿಲ್ಮಿಗೂ ತೂಕಡಿಕೆ. ಹೊತ್ತಾದಷ್ಟೂ ಬೆಳಕು ಹೀರೋದು ನಿಧಾನ. ಲೆಕ್ಕಕ್ಕಿಂತ ಜಾಸ್ತಿ ಕಾಯಬೇಕು."

ಕುಲುಮೆಯಲ್ಲಿ ದುಡಿಯುವ ಮೈದುನ ಪ್ರತಿ ಸಲ ರೇಗಿಸುತ್ತಿದ್ದ: "ಅತ್ತಿಗೆ, ಇದರಲ್ಲಿ ನಾನ್ಯಾರು? ಈ ಕಪ್ಪೋ, ಆ ಕಪ್ಪೋ?" ಹಳೆಯ ಕುಲುಮೆ ಮುಚ್ಚುವ ಸುದ್ದಿ ಬಂದ ದಿನ ಅವನು ರೇಗಿಸಲಿಲ್ಲ. "ನಾವೂ ಅಲ್ಲಿದ್ವಿ ಅನ್ನೋಕೆ ಒಂದು ಫೋಟೋನೂ ಇಲ್ವಲ್ಲ, ಅತ್ತಿಗೆ" ಎಂದಷ್ಟೇ ಅಂದ.

ಆ ಮಾತು ಇವಳ ನಿದ್ದೆ ಕೆಡಿಸಿತು. ಅಡುಗೆಮನೆಯ ದೀಪ ಆರಿಸಿ, ಒಲೆಯ ಉರಿಯ ಪಕ್ಕ ಗಂಡನನ್ನು ಕೂರಿಸಿ ಅಭ್ಯಾಸ ಶುರುವಾಯಿತು. "ಅಲ್ಲಾಡಬೇಡಿ ಅಂದ್ರೆ ಸಾಕು, ಇವರಿಗೆ ಆಗಲೇ ಮೂಗು ತುರಿಸೋದು!"

ಕೊನೆಯ ಎರಕದ ರಾತ್ರಿ, ಕಬ್ಬಿಣ ಹೊರಬರುವ ಮೊದಲೇ, ಒಂದು ಮಂಕು ಬಲ್ಬಿನ ಬೆಳಕಲ್ಲಿ ಕೆಲಸಗಾರರನ್ನೆಲ್ಲ ಬದಿಯ ಕಟ್ಟೆಯ ಮೇಲೆ ನಿಲ್ಲಿಸಿದಳು. "ಮೆಲ್ಲಗೆ ಉಸಿರಾಡಿ. ತಲೆ ಮಾತ್ರ ಅಲ್ಲಾಡಬಾರದು." ಶಟರ್ ತೆರೆದು ಮನಸ್ಸಿನಲ್ಲೇ ಎಣಿಸತೊಡಗಿದಳು. ಒಂದು ಕಡೆ ನಿಂತೇ ಗೊತ್ತಿಲ್ಲದ ಆ ಗಂಡಸರು ಕಲ್ಲಿನಂತೆ ನಿಂತರು. ಆಮೇಲೆ ಶಟರ್ ಮುಚ್ಚದೆ ಲೆನ್ಸಿಗೆ ಕಪ್ಪು ರಟ್ಟು ಅಡ್ಡ ಹಿಡಿದಳು. ಮುಖಗಳು ಫಿಲ್ಮಿಗೆ ಇಳಿದಿದ್ದವು, ಇನ್ನು ಅದೇ ಫಿಲ್ಮಿಗೆ ಬೆಂಕಿ ಸೇರಬೇಕಿತ್ತು. ದೂರದ ಕೋಣೆಯಲ್ಲಿ ಒಬ್ಬ ಕುಲುಮೆಯ ಬಾಯಿ ತೆರೆಯುವ ಸನ್ನೆಕೋಲು ಎಳೆದ. ಸೂರ್ಯನೇ ಕರಗಿ ಹರಿದಂತೆ ಕಬ್ಬಿಣ ಸುರಿಯಿತು. ರಟ್ಟು ಸರಿಯಿತು, ಕಣ್ಣು ಮಿಟುಕಿಸುವಷ್ಟರಲ್ಲಿ ಮರಳಿ ಮುಚ್ಚಿತು. ಇನ್ನೊಮ್ಮೆ ತೆಗೆಯೋಣವೆಂದರೆ ಇನ್ನೊಂದು ಎರಕವೇ ಇರಲಿಲ್ಲ.

ಈಗ ಅವಳು ಫಿಲ್ಮನ್ನು ಕಿಟಕಿಗೆ ಹಿಡಿಯುತ್ತಾಳೆ. ನೆಗೆಟಿವ್‌ನಲ್ಲಿ ಬೆಂಕಿ ಒಂದು ಕಪ್ಪು ಹೊಳೆ. ಅದರ ದಡದಲ್ಲಿ ಕಣ್ಣು, ಮೂಗು, ಹುಬ್ಬು ಸಮೇತ ಸಾಲಾಗಿ ಮನುಷ್ಯರು! ಗಂಡನ ತೋಳನ್ನು ಗಟ್ಟಿಯಾಗಿ ಹಿಡಿಯುತ್ತಾಳೆ. ಅವನಿಗೆ ಅಷ್ಟೇ ಸಾಕು.

ಕೆಲವೇ ದಿನಗಳಲ್ಲಿ, ದೊಡ್ಡದಾಗಿ ಪ್ರಿಂಟ್ ಹಾಕಿ, ಗಾಜು ಕಟ್ಟಿಸಿದ ಆ ಚಿತ್ರ ಕಾರ್ಖಾನೆಯ ಕ್ಯಾಂಟೀನಿನ ಗೋಡೆಗೇರಿದೆ. ಕೆಲಸಗಾರರು ತಟ್ಟೆ ಹಿಡಿದುಕೊಂಡೇ ಅದರ ಮುಂದೆ ನಿಂತಿದ್ದಾರೆ, ಊಟ ಆರುತ್ತಿದೆ. "ಅತ್ತಿಗೆ, ನನ್ನ ಗದ್ದದ ಗಾಯಾನೂ ಬಂದಿದೆ!" ಎನ್ನುತ್ತ ಮೈದುನ ಗಾಜಿನ ಮೇಲೆ ಬೆರಳಿಟ್ಟು ತೋರಿಸುತ್ತಾನೆ.

"ಬೆಂಕಿ ಫೋಟೋ ಯಾರು ಬೇಕಾದ್ರೂ ತೆಗೀತಾರೆ," ಎನ್ನುತ್ತ ಅವಳು ಗಾಜಿನ ಮೇಲಿನ ಬೆರಳಚ್ಚು ಒರೆಸುತ್ತಾಳೆ. "ಇದರಲ್ಲಿ ಎಲ್ಲರೂ ಇದ್ದಾರೆ. ಎಣಿಸಿ ನೋಡಿ."